ನೀರಂಚಿನ ನಾಲ್ಕನೇ ಜಾಗ

ಭಾನುವಾರ ಬೆಳಿಗ್ಗೆ, ಟೆಂಟ್ ಹಾಕಲು ನಂಬರಿನ ಜಾಗಗಳನ್ನು ಬಾಡಿಗೆಗೆ ಕೊಡುವ ಹಿನ್ನೀರಿನ ಪಾರ್ಕಿನ ಕಾವಲುಗಾರ ದಡಕ್ಕಿಳಿದು ನೋಡಿದ. ನೀರು ತುಂಬ ಮೇಲಕ್ಕೆ ಬಂದಿತ್ತು. ಜಾಲಿ ಪೊದೆಯಲ್ಲಿ ಒಂದು ಟೆಂಟ್ ಸಿಕ್ಕಿಕೊಂಡಿತ್ತು. ಒಳಗೆ ಒಬ್ಬ ಗಂಡಸಿನ ಹೆಣ.

ಸತ್ತವನು ಲಕ್ಷ್ಮಿಕಾಂತ. ಯಾದಗಿರಿ ಕಡೆಯವನು. ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದು ಕ್ಯಾಬ್ ಓಡಿಸುತ್ತಿದ್ದ. ಅವನ ಮನೆಯ ಕಡೆಯ ವಿಚಾರಣೆ ಸಬ್ ಇನ್ಸ್‌ಪೆಕ್ಟರ್ ಸುಪ್ರೀತಾಳ ಪಾಲಿಗೆ ಬಂತು.

ಮೇಲ್ನೋಟಕ್ಕೆ ಆಕಸ್ಮಿಕ ಸಾವು. ಆದರೆ ಮೇಲೆ ನಿಂತಿದ್ದ ಅವನ ಕಾರಿನ ಹಿಂದಿನ ಸೀಟಿನಲ್ಲಿ ಹೂಕಸೂತಿಯ ದಿಂಬೊಂದಿತ್ತು. ಒಬ್ಬನೇ ಹೋದವನಿಗೆ ಅದು ಯಾಕೆ? ಜೊತೆಗೆ ಬೇರೆ ಹೆಂಗಸು ಯಾರಾದರೂ ಇದ್ದಳೇ?

* * *

ಲಕ್ಷ್ಮಿಕಾಂತನ ಹೆಂಡತಿ ಕಾವೇರಿ ದಿಂಬನ್ನು ನೋಡಿದ್ದೇ ಎದೆಗೆ ಒತ್ತಿಕೊಂಡಳು.

"ಇದು ನಂದೇ ರೀ. ಶನಿವಾರದಿಂದ ಹುಡುಕಾಡ್ಲಿಕತ್ತಿದ್ದೆ. ಇದಿಲ್ದ ನನಗ ನಿದ್ದಿ ಬರಂಗಿಲ್ಲ."

"ಎಲ್ಲಿಗೆ ಹೋಗ್ತೀನಿ ಅಂದಿದ್ರು?"

"ಬಾಡಿಗಿ ಅದ, ಹೊರಗೇ ಉಳೀತೀನಿ ಅಂದ್ರು. ಮುಂಜಾನೆ ಬಂದು ಕರ್ಕೊಂಡು ಹೋಗ್ತೀನಿ, ತಯಾರಾಗಿರು ಅಂದ್ರು. ಎಲ್ಲಿಗಿ ಅಂತ ಹೇಳಲಿಲ್ರೀ." ಅವಳು ದಿಂಬಿನ ಕಸೂತಿ ಸವರಿದಳು. "ಹಲಸೂರು ಕೆರಿ ಬೇಲಿ ಹೊರಗ ಗಾಡಿ ನಿಲ್ಲಿಸಿ ಬುತ್ತಿ ಉಣ್ತಿದ್ವಿ. ಒಮ್ಮೆರೆ ನೀರಿನ ದಂಡಿಗೇ ಮಲಗ್ಬೇಕು ಅಂತ ನಾನೇ ಅಂದಿದ್ದೆ."

ಸುಪ್ರೀತಾಗೆ ತನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು.

"ಮೊದಲೇ ಟೆಂಟ್ ಹಾಕಿಟ್ಟು ನಿಮ್ಮನ್ನ ಕರ್ಕೊಂಡು ಹೋಗೋಣ ಅಂತ ನಾಲ್ಕನೇ ಜಾಗ ತಗೊಂಡಿದಾರೆ. ನೀರಿಗೆ ತೀರಾ ಹತ್ತಿರ."

ಗೋಡೆಗೊರಗಿ ಕೂತಿದ್ದ ಕಾವೇರಿಯ ತಮ್ಮ ಸಿದ್ಧಲಿಂಗೇಶ ತಲೆಯೆತ್ತಿದ. ಅವನೂ ಅದೇ ಮನೆಯಲ್ಲಿದ್ದ. ಮಹದೇವಪುರದ ಆಫೀಸೊಂದರಲ್ಲಿ ಕೆಲಸ. ಮುಖ ಬಿಳಿಚಿಕೊಂಡಿತ್ತು.

"ನಾಲ್ಕಾ?" ಎಂದ. ಆಮೇಲೆ ತನಗೆ ತಾನೇ ಎಂಬಂತೆ, "ಮ್ಯಾಲಿನ ಹನ್ನೊಂದಕ್ಕ ಹೋಗಿದ್ರ ಉಳೀತಿದ್ರು" ಎಂದ.

ದುಃಖದಲ್ಲಿ ಏನೋ ಅಂದ ಎಂದುಕೊಂಡಳು ಸುಪ್ರೀತಾ.

* * *

ಲಕ್ಷ್ಮಿಕಾಂತನ ಫೋನಿಗೆ ಬುಕಿಂಗ್ ಕಳಿಸಿದ್ದವನು ಶಿವಾಜಿನಗರದ ಮೊಬೈಲ್ ಅಂಗಡಿಯ ಅನೀಸ್. ಪೊಲೀಸ್ ಜೀಪು ಕಂಡೊಡನೆ ಶಟರ್ ಎಳೆಯಲು ಹೋಗಿ ಸಿಕ್ಕಿಬಿದ್ದ.

"ಯಾಕೆ ಓಡ್ತಿದ್ದೆ?"

"ಹೆದರಿಕೆ ಆಯ್ತು ಮೇಡಂ. ಅಲ್ಲಾಹ್ ಕಸಮ್, ನಾನು ಬರೀ ಫಾರ್ವರ್ಡ್ ಮಾಡೋನು. ಪಾರ್ಕ್ ಬುಕಿಂಗ್ ಓಪನ್ ಆದ ತಕ್ಷಣ ನೀರ್ ಪಕ್ಕದ್ ಜಾಗ ಎಲ್ಲಾ ಒಬ್ನೇ ಹಿಡಿದ್ಬಿಡ್ತಾನೆ. ಜಾಸ್ತಿ ದುಡ್ಡಿಗೆ ಮಾರೋಕೆ ನಾನು ಗಿರಾಕಿ ಹುಡುಕ್ತೀನಿ."

"ಯಾರವನು?"

"ಮುಖ ನೋಡಿಲ್ಲ. ನಂಬರ್ ಅಷ್ಟೇ. ಬೆಳಿಗ್ಗೆಯಿಂದ ಸ್ವಿಚ್ ಆಫ್."

ಆ ಸಿಮ್ ಯಾರದೋ ಹೆಸರಿನಲ್ಲಿತ್ತು. ದಾರಿ ಅಲ್ಲಿಗೇ ಮುಚ್ಚಿತು.

* * *

ಸಂಜೆ ಪಾರ್ಕಿನ ಅಧಿಕಾರಿ ಫೋನ್ ಮಾಡಿದರು.

"ಮೇಲಿನ ಡ್ಯಾಮಿಂದ ನೀರು ಬಿಡ್ತಾರೆ ಅಂತ ಶನಿವಾರ ಮಧ್ಯಾಹ್ನವೇ ಗೊತ್ತಾಯ್ತು ಮೇಡಂ. ಕೆಳಗಿನ ಜಾಗ ಎಲ್ಲ ಮುಚ್ಚಿದ್ವಿ. ನಾಲ್ಕರವರಿಗೆ ಮೇಲೆ ಹನ್ನೊಂದು ಕೊಟ್ಟು ಮೆಸೇಜ್ ಹಾಕಿದ್ವಿ. ಒಪ್ಪಿದೆ ಅಂತ ಉತ್ತರಾನೂ ಬಂತು. ಅದಕ್ಕೇ ಕಾವಲಿನವನು ಕೆಳಗೆ ಯಾರೂ ಇಲ್ಲ ಅಂದ್ಕೊಂಡ."

"ಹನ್ನೊಂದು ಅನ್ನೋದು ಯಾರಿಗೆಲ್ಲ ಗೊತ್ತಿತ್ತು?"

"ನಮಗೆ. ಮತ್ತೆ ಬುಕ್ ಮಾಡಿದ ನಂಬರಿನವರಿಗೆ. ಅಷ್ಟೇ."

ಸುಪ್ರೀತಾ ತಡಮಾಡದೆ ಜೀಪು ಹತ್ತಿದಳು.

* * *

"ಸಿದ್ಧಲಿಂಗೇಶ, ಹನ್ನೊಂದನೇ ಜಾಗ ಅಂತ ನಿಮಗೆ ಯಾರು ಹೇಳಿದ್ರು?"

ಅವನು ಬಾಗಿಲ ಕಡೆ ನೋಡಿದ.

"ಬೆಳಿಗ್ಗೆ ನನಗೇ ಅದು ಗೊತ್ತಿರಲಿಲ್ಲ. ನಿಮ್ಮ ಭಾವನ ಫೋನಿಗೂ ಆ ಮೆಸೇಜ್ ಬಂದಿಲ್ಲ, ಅನೀಸ್‌ಗೂ ಬಂದಿಲ್ಲ. ಬಂದಿದ್ದು ಬುಕ್ ಮಾಡಿದವನಿಗೆ ಮಾತ್ರ. ಒಪ್ಪಿದೆ ಅಂತ ಉತ್ತರ ಕೊಟ್ಟು ಸುಮ್ಮನಾದವನಿಗೆ."

ಸಿದ್ಧಲಿಂಗೇಶ ನೆಲ ನೋಡುತ್ತ ಹೇಳಿದ.

"ಅನೀಸ್ ಯಾರಿಗಿ ಮಾರ್ಯಾನ ಅಂತ ಗೊತ್ತಿರಲಿಲ್ರೀ. ನೀರಿನ ಪಕ್ಕದ್ದಲ್ಲ ಅಂತ ಗೊತ್ತಾದ್ರ ರೊಕ್ಕ ವಾಪಸ್ ಕೇಳ್ತಾರ, ಅದಕ್ಕ ತಿಳಿಸಲಿಲ್ಲ. ಹೋದಮ್ಯಾಲ ಕಾವಲಿನವರು ನೋಡ್ಕೋತಾರ ಅಂದ್ಕೊಂಡೆ. ಸುದ್ದಿ ಕೇಳಿ ಅಂಜಿಕಿ ಹತ್ತಿ ಸಿಮ್ ಮುರಿದು ಒಗದೆ. ಆದ್ರೂ ಬ್ಯಾರೆ ಜಾಗ ಇರಬಹುದು ಅಂತ ಆಸಿ ಇತ್ತು. ನೀವು ನಾಲ್ಕು ಅಂದಾಗ..." ಅಕ್ಕನ ಕಡೆ ತಿರುಗಿದ. "ಭಾವ ಅಂತ ಗೊತ್ತಿದ್ರ ಬಿಡ್ತಿದ್ನೇನಕ್ಕಾ?"

ಕಾವೇರಿ ದಿಂಬನ್ನು ಪಕ್ಕಕ್ಕಿಟ್ಟಳು.

"ಬ್ಯಾರೆ ಯಾರರ ಆಗಿದ್ರ ನಡೀತಿತ್ತೇನೋ ತಮ್ಮಾ?"

ಅವನು ಮುಖ ಮುಚ್ಚಿಕೊಂಡ. ಪೇದೆಗಳು ಕರೆದೊಯ್ದಾಗ ತಾನಾಗಿಯೇ ಜೀಪು ಹತ್ತಿದ. ಬೀದಿಯ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು.

ಕಾವೇರಿ ಹೊಸ್ತಿಲ ಮೇಲೆ ಕೂತಳು.

"ಅಳಿಯ ಹೋದ ಅಂತ ನಮ್ಮವ್ವಗ ಮುಂಜಾನೆ ಹೇಳೀನ್ರೀ. ಊರಿಂದ ಹೊಂಟಾಳ. ಮಗ ಎಲ್ಲಿ ಅಂತ ಕೇಳಿದ್ರ ಏನು ಹೇಳ್ಲಿ?"

ಸುಪ್ರೀತಾ ಟೋಪಿ ತೆಗೆದು, ಅವಳ ಪಕ್ಕದಲ್ಲೇ ಕೂತಳು.