ನೇರಳೆ ಕೊಡೆ

ಹನ್ನೊಂದು ವರ್ಷದ ಹಳೇ ಕಂಪ್ಯೂಟರನ್ನು ಕೂಸಿನ ಹಾಗೆ ಎದೆಗವುಚಿಕೊಂಡು ಅವಳು ಮೆಟ್ಟಿಲು ಹತ್ತಿದಾಗ, ರಿಪೇರಿ ಅಂಗಡಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ. ಈ ವರ್ಷ ಇದು ಮೂರನೇ ಸಲ. ಹಿಂದೆರಡು ಸಲ ಕೀಬೋರ್ಡು, ಮೌಸು ಎಂದು ನೆಪವಿತ್ತು. ನೆಪ ಯಾಕೆ ಬೇಕಾಗಿತ್ತು ಎಂದು ಕೇಳಿದ್ದರೆ ಅವಳು ಉತ್ತರ ಹೇಳುತ್ತಿರಲಿಲ್ಲ. ಇನ್ನಾರು ವಾರಕ್ಕೆ ಮದುವೆಯಿದ್ದವಳು, ಹೇಗೆ ಹೇಳಿಯಾಳು?

"ಹಿಡ್ಕೊಳ್ಲಾ?" ಎಂದು ಕೇಳಿ, ಅವಳು ಹೂಂ ಎಂದ ಮೇಲೆಯೇ ಅವನು ಕೈ ಚಾಚಿದ.

ಎಲ್ಲವನ್ನೂ ಕೇಳಿಯೇ ಮಾಡುವ ಆಸಾಮಿ ಅವನು. ಮುಚ್ಚಳ ಬಿಚ್ಚಲಾ, ಆನ್ ಮಾಡಲಾ, ಈ ಫೋಲ್ಡರ್ ತೆರೆಯಲಾ. ಗಿರಾಕಿ ಪಕ್ಕದ ಸ್ಟೂಲಿನಲ್ಲಿ ಕೂತ ಹೊರತು ಯಾರ ಕಂಪ್ಯೂಟರನ್ನೂ ಮುಟ್ಟುತ್ತಿರಲಿಲ್ಲ. ಬೀದಿಯವರು ಅವನಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು. ಅವಳಿಗೆ ಆ ಹೆಸರು ನೆನಪಾದಾಗಲೆಲ್ಲ ನಗು ಬರುತ್ತಿತ್ತು.

ಅವಳದು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ. ನಾಲ್ಕು ತಿಂಗಳಿಂದ ಕಂಪ್ಯೂಟರ್ ಆಮೆಯಾಗಿತ್ತು. ಇವತ್ತು ಒತ್ತಿದ ಅಕ್ಷರ ನಾಳೆ ಬಂದರೆ ಪುಣ್ಯ. ಮದುವೆಗೆ ಮುಂಚೆ ಮೂರು ಪುಸ್ತಕ ಮುಗಿಸಬೇಕು, ಒಳ್ಳೆಯ ಪ್ರೊಸೆಸರ್ ಹಾಕಿಕೊಡಿ ಎಂದಳು.

"ಈ ಬೋರ್ಡಿಗೆ ಎರಡೇ ಥರದ್ದು ಕೂರುತ್ತೆ. ನಾಲ್ಕು ಕೋರಿಂದು ತಣ್ಣಗಿರುತ್ತೆ. ಆರು ಕೋರಿಂದು ಜೋರು, ಆದ್ರೆ ಬಿಸಿ ಜಾಸ್ತಿ. ನಿಮ್ಮ ಹಳೇ ಪವರ್ ಸಪ್ಲೈ ತಡೆಯೋದು ಅನುಮಾನ. ಆರಿಸೋಕೆ ಮುಂಚೆ, ಈಗಿರೋದು ಎಷ್ಟು ದುಡೀತಿದೆ ಅಂತ ನೋಡ್ಲಾ?"

ವೈರುಗಳನ್ನು ಸಿಕ್ಕಿಸುವಾಗ ಅವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಪರದೆ ಇನ್ನೂ ಕಪ್ಪಗಿತ್ತು. ಆ ಕಪ್ಪು ಗಾಜಿನಲ್ಲಿ ಅವನು ಅವಳನ್ನು ನೋಡುತ್ತಿದ್ದ. ಅವಳೂ ಅವನನ್ನೇ ನೋಡುತ್ತಿದ್ದಳು. ಇಬ್ಬರ ಕಣ್ಣೂ ಅಲ್ಲಿ ಸಿಕ್ಕಿಬಿದ್ದವು. ಅವನು ಕನ್ನಡಕ ಸರಿಮಾಡಿಕೊಂಡ, ಅವಳು ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಪರದೆ ಬೆಳಗಿತು.

ಗಾಬರಿ ಮುಚ್ಚಿಕೊಳ್ಳಲು ಅವಳು ಮದುವೆಯಾಗಲಿರುವವನ ಮಾತು ತೆಗೆದಳು. ಅವರಿಗೆ ನನ್ನ ಮನಸ್ಸು ಹೇಳದೇ ಗೊತ್ತಾಗುತ್ತದೆ ಎಂದಳು. ತನಗೆ ಹಳದಿ ಸೀರೆಯ ಆಸೆ ಎಂದು ದೂರದಲ್ಲಿರುವ ಅಕ್ಕನಿಗೆ ಬರೆದಿದ್ದಳಂತೆ, ಮೂರೇ ದಿನದಲ್ಲಿ ಅವರು ಹಳದಿ ಸೀರೆ ತಂದರಂತೆ. ತಲೆನೋವು ಎಂದು ಬರೆದ ಸಂಜೆಯೇ ಮಾತ್ರೆ ಹಿಡಿದು ಬಂದರಂತೆ. ಪೂರ್ವಜನ್ಮದ ಋಣ ಎಂದು ಅಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದರು.

ಅವನು ಕೇಳಿಸಿಕೊಳ್ಳುತ್ತಿದ್ದ, ಆದರೆ ನಗಲಿಲ್ಲ. ತೆರೆದಿದ್ದ ಎಲ್ಲವನ್ನೂ ಅವಳ ಕೈಯಿಂದಲೇ ಮುಚ್ಚಿಸಿದ. ಪರದೆಯ ಮೇಲೆ ಏನೂ ಉಳಿಯಲಿಲ್ಲ. ಆದರೂ ಒಳಗಿನ ಫ್ಯಾನು ಬುಸುಗುಡುತ್ತಲೇ ಇತ್ತು.

"ಪ್ರೊಸೆಸರ್ ಚೆನ್ನಾಗೇ ಇದೆ," ಎಂದ ನಿಧಾನವಾಗಿ. "ನೀವು ಸುಮ್ಮನಿದ್ದಾಗ್ಲೂ ಇದು ಬೇರೆ ಯಾರಿಗೋ ದುಡೀತಿದೆ. ನೀವು ಒತ್ತೋ ಒಂದೊಂದು ಅಕ್ಷರಾನೂ ಹೊರಗಡೆ ಹೋಗ್ತಿದೆ. ಪರದೆಯ ಫೋಟೋ ಕೂಡ."

ಆ ಪ್ರೋಗ್ರಾಮ್ ಯಾವತ್ತು ಸೇರಿತು ಎಂಬ ತಾರೀಖನ್ನು ತೋರಿಸಿದ. ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಮಾತುಕತೆ ಮುಗಿದ ಮರುವಾರ ಮದುವೆಯಾಗಲಿರುವವನು ಮನೆಗೆ ಬಂದು, ನಿನ್ನ ಕಂಪ್ಯೂಟರ್ ಕ್ಲೀನ್ ಮಾಡಿಕೊಡುತ್ತೇನೆ ಎಂದು ಅರ್ಧ ದಿನ ಅದರ ಮುಂದೆ ಕೂತಿದ್ದ. ಅವಳೇ ಎರಡು ಸಲ ಕಾಫಿ ಮಾಡಿಕೊಟ್ಟಿದ್ದಳು.

ಕಾಲಡಿಯ ನೆಲ ಜಾರಿದಾಗ ಮನುಷ್ಯರು ಹತ್ತಿರದವರ ಮೇಲೆ ರೇಗುತ್ತಾರೆ. "ನಿಮಗೆ ಹೊಟ್ಟೆಕಿಚ್ಚು," ಎಂದಳು.

ಅವನ ಕಿವಿ ಕೆಂಪಾಯಿತು. "ಇರಬಹುದು. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೂ ಅದು ಓಡ್ತಾನೇ ಇದೆಯಲ್ಲ. ತೆಗೀಲಾ?"

ಬೇಡ ಎಂದು ಅವಳು ಕಂಪ್ಯೂಟರ್ ಎತ್ತಿಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಅದು ಹತ್ತುವಾಗಿನದಕ್ಕಿಂತ ಭಾರವಾಗಿತ್ತು.

ಎರಡು ದಿನ ಅವಳು ಕೀಬೋರ್ಡ್ ಮುಟ್ಟಲಿಲ್ಲ. ಅಷ್ಟು ದಿನ ಯಾವುದನ್ನು ಪ್ರೀತಿ ಎಂದುಕೊಂಡಿದ್ದಳೋ ಅದನ್ನು ಒಂದೇ ಮಾತಿಗೆ ಬಿಟ್ಟುಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಮೂರನೇ ದಿನ ಬೆಳಗ್ಗೆ ಅಕ್ಕನಿಗೊಂದು ಪತ್ರ ಶುರುಮಾಡಿದಳು. ನೇರಳೆ ಬಣ್ಣದ ಕೊಡೆ ಕಂಡರೆ ತನಗೆ ಪ್ರಾಣ, ಯಾರೂ ಕೊಡಿಸಲೇ ಇಲ್ಲ ಎಂದು ಬರೆದಳು. ಹಸಿ ಸುಳ್ಳು. ಅವಳು ಹುಟ್ಟಿದಾರಭ್ಯ ಕೊಡೆ ಹಿಡಿದವಳೇ ಅಲ್ಲ. ಪತ್ರವನ್ನು ಕಳಿಸಲೂ ಇಲ್ಲ. ಬರೆದದ್ದಷ್ಟನ್ನೂ ಅಳಿಸಿ ಎದ್ದಳು. ಮದುವೆಯಾಗಲಿರುವವನು ಬರಿಗೈಯಲ್ಲಿ ಬರಲಿ ದೇವರೇ ಎಂದು ಬೇಡಿಕೊಂಡಳು.

ಭಾನುವಾರ ಅವನು ಬಂದ. ಆಕಾಶದಲ್ಲಿ ತುಂಡು ಮೋಡವೂ ಇರಲಿಲ್ಲ. ಅವನ ಕೈಯಲ್ಲಿ ನೇರಳೆ ಕೊಡೆ ಇತ್ತು.

ಅಮ್ಮ ಹೊಗಳುತ್ತಲೇ ಕಾಫಿಗೆ ನೀರಿಡಲು ಒಳಗೆ ಹೋದರು. ಹೇಗೆ ಗೊತ್ತಾಯಿತು ಎಂದು ಅವಳು ಕೇಳಿದಳು. ಅವನು ಅವಳ ಕೆನ್ನೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸರಿಸಿ, ಮೆಲ್ಲಗೆ ನಕ್ಕ.

"ನೀನು ಅಳಿಸಿಹಾಕಿದ್ದೂ ನನಗೆ ಕಾಣುತ್ತೆ, ಚಿನ್ನ. ಆ ರಿಪೇರಿ ಅಂಗಡಿಗೆ ಇನ್ನು ಹೋಗ್ಬೇಡ. ಪ್ರೊಸೆಸರ್ ನಾನೇ ತರ್ತೀನಿ, ನಾನೇ ಹಾಕ್ತೀನಿ."

ಅಂಗಡಿಗೆ ಹೋದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಕೈಯಲ್ಲಿದ್ದ ಫೋನು ಅವನೇ ಕೊಡಿಸಿದ್ದು. ಅವಳು ಅದನ್ನು ಮೆಲ್ಲಗೆ ಬೋರಲು ಹಾಕಿಟ್ಟಳು.

ಅವನು ಹೋದ ಮೇಲೆ ಅಮ್ಮನನ್ನು ಕೂರಿಸಿ, ಕೊಡೆಯನ್ನು ಮುಂದಿಟ್ಟು, ಎಲ್ಲವನ್ನೂ ಹೇಳಿದಳು. ಮದುವೆ ಮುರಿದರೆ ಜನ ಏನೆನ್ನುತ್ತಾರೆ ಎಂಬ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದಳು. ಅಮ್ಮ ಕೊಡೆಯನ್ನು ಪಕ್ಕಕ್ಕೆ ಸರಿಸಿದರು.

"ನಿಮ್ಮಪ್ಪ ಇದ್ರಲ್ಲ, ಮೂವತ್ತು ವರ್ಷ ಸಂಸಾರ ಮಾಡಿದ್ರೂ ಸಕ್ಕರೆ ಡಬ್ಬ ಎಲ್ಲಿದೆ ಅಂತ ನನ್ನನ್ನೇ ಕೇಳೋರು. ಏನೂ ಗೊತ್ತಾಗ್ತಿರ್ಲಿಲ್ಲ ಆ ಮನುಷ್ಯನಿಗೆ," ಎಂದು ಕಣ್ಣೊರೆಸಿಕೊಂಡರು. "ನಡಿ, ಕಂಪ್ಯೂಟರಿನ ವೈರು ನಾನು ಬಿಚ್ತೀನಿ."

ಮರುದಿನ ಮಧ್ಯಾಹ್ನ ಅವಳು ಕಂಪ್ಯೂಟರಿನ ಜೊತೆಗೆ ಕೊಡೆಯನ್ನೂ ಹಿಡಿದು ಅಂಗಡಿಗೆ ಬಂದಳು. ರಿಪೇರಿಯವನು ಕೊಡೆ ನೋಡಿದ, ಹೊರಗಿನ ಬಿಸಿಲು ನೋಡಿದ, ಏನೂ ಕೇಳದೆ ಸ್ಟೂಲು ಎಳೆದ. ಈಗಲೇ ಏನೂ ತೆಗೆಯಬೇಡಿ, ಇಂಟರ್ನೆಟ್ ಮಾತ್ರ ಕೊಡಿ ಎಂದಳು.

ಖಾಲಿ ಪುಟ ತೆರೆದು ಬರೆಯತೊಡಗಿದಳು. ಓದುತ್ತಿದ್ದೀರಿ ಎಂದು ಗೊತ್ತು. ಈ ಮದುವೆ ನನಗೆ ಬೇಡ. ಅಮ್ಮನಿಗೂ ತಿಳಿಸಿದ್ದೇನೆ. ನೇರಳೆ ಬಣ್ಣ ನನಗೆ ಇಷ್ಟವಿಲ್ಲ. ಒಂದೊಂದು ಅಕ್ಷರವೂ ತಡವಾಗಿ, ಯಾರದೋ ಅನುಮತಿ ಪಡೆದು ಬಂದಂತೆ ಪರದೆಗೆ ಬಂತು. ಒಳಗೆ ಫ್ಯಾನು ಜೋರಾಯಿತು. ರಿಪೇರಿಯವನು ಪರದೆಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಈ ಸಲ ಅವಳು ಯಾವ ಅಕ್ಷರವನ್ನೂ ಅಳಿಸಲಿಲ್ಲ.

ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಏಳು ಸಲ ಎಣಿಸಿದ ಮೇಲೆ ಅವಳು ಅದನ್ನು ಆಫ್ ಮಾಡಿ ರಿಪೇರಿಯವನ ಕಡೆ ತಳ್ಳಿದಳು.

"ಈಗ ತೆಗೀಲಾ?" ಎಂದ, ಗೋಡೆಯ ಕಡೆಯಿಂದಲೇ.

"ತೆಗೀರಿ."

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಪ್ರೋಗ್ರಾಮನ್ನು ಬೇರುಸಹಿತ ಕಿತ್ತ. ಸಾಕ್ಷಿಗಿರಲಿ, ಮುಂದೆ ದೂರು ಕೊಡಲು ಬೇಕಾಗುತ್ತದೆ ಎಂದು ಕೀಳುವ ಮುಂಚೆಯೇ ಎಲ್ಲದರ ಒಂದು ಪ್ರತಿಯನ್ನು ತೆಗೆದು ಅವಳ ಕೈಗೇ ಕೊಟ್ಟಿದ್ದ. ಕೊನೆಗೆ ಫ್ಯಾನಿನ ಸದ್ದು ಇಳಿಯಿತು. ನಾಲ್ಕು ತಿಂಗಳಿಂದ ತನ್ನ ಕೋಣೆಯಲ್ಲಿ ಅಷ್ಟು ಸದ್ದಿತ್ತು ಎಂದು ಅವಳಿಗೆ ತಿಳಿದದ್ದೇ ಆಗ. ಕೀ ಒತ್ತಿದಳು; ಅಕ್ಷರ ತಟ್ಟನೆ ಬಂತು. ಹೊಸ ಪ್ರೊಸೆಸರ್ ಬೇಕಾಗಿಲ್ಲ, ಸದ್ಯಕ್ಕೆ ಇದೇ ಸಾಕು ಎಂದು ಅವನು ಕೈಯಾರೆ ತನ್ನ ವ್ಯಾಪಾರ ಕೆಡಿಸಿಕೊಂಡ.

ಆಗ ಒಂದು ಬಿಳಿ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿತು. ಅವಳಿಗೆ ಆ ಕಾರು ಗೊತ್ತಿತ್ತು. ಅದು ಅಂಗಡಿಯ ಮುಂದೆ ನಿಧಾನವಾಗಿ, ಎಂಜಿನ್ ಆರಿಸದೆ ನಿಂತಿತು. ಗಾಜು ಇಳಿಯಲಿಲ್ಲ. ಅವಳ ಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಂಡವು.

"ಬಾಗಿಲು ಹಾಕ್ಲಾ?" ಎಂದ ಅವನು.

ಅವಳು ಎದ್ದು ಕೊಡೆಯನ್ನು ತೆಗೆದುಕೊಂಡು ಹೋಗಿ, ಹೊರಗಿನ ಮೆಟ್ಟಿಲ ಮೇಲೆ, ಕಾರಿನವನಿಗೆ ಕಾಣುವಂತೆ ಇಟ್ಟು ಬಂದಳು. ಓಡಲಿಲ್ಲ. "ಬೇಡ. ತೆರೆದೇ ಇರ್ಲಿ."

ಕಾರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಗುರುಗುಟ್ಟಿತು. ಆಮೇಲೆ ಹೊರಟಿತು. ಮತ್ತೆ ಬರಬಹುದು, ಇಬ್ಬರಿಗೂ ಅದು ಗೊತ್ತಿತ್ತು. ಕೊಡೆ ಮೆಟ್ಟಿಲ ಮೇಲೇ ಬಿದ್ದಿತ್ತು.

"ನನ್ನ ಬಗ್ಗೆ ನಿಮಗೇನು ಗೊತ್ತು?" ಎಂದು ಅವಳು ಕೇಳಿದಳು.

ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಈ ಸಲ ಕಪ್ಪು ಗಾಜಿನಲ್ಲಲ್ಲ, ನೇರವಾಗಿ ನೋಡಿದ. "ಏನೂ ಗೊತ್ತಿಲ್ಲ. ನೀವು ಬಂದ್ರೆ ಸಂತೋಷ ಆಗುತ್ತೆ, ಹೋದ್ರೆ ಅಂಗಡೀಲಿ ಬೇಜಾರಾಗುತ್ತೆ. ಅದು ನನ್ನ ವಿಷಯ. ನಿಮ್ಮ ವಿಷಯ ಕೇಳ್ಬಹುದಾ?"

"ಕೇಳಿ," ಎಂದಳು. "ನಿಧಾನವಾಗಿ ಕೇಳಿ. ನನಗೀಗ ಅವಸರ ಇಲ್ಲ."

ಅವನು ಬಹಳ ಯೋಚಿಸಿದ. ಬೀದಿಯನ್ನೊಮ್ಮೆ ನೋಡಿ ಬಂದು, ಅಂಗಡಿಯ ಮೂಲೆಯಲ್ಲಿದ್ದ ಒಲೆ ಹಚ್ಚಿ ನೀರಿಟ್ಟ.

"ಟೀಗೆ ಸಕ್ಕರೆ ಎಷ್ಟು?"

ಅವಳಿಗೆ ಅಳು ಬಂತು. ಎರಡು ಚಮಚ ಎಂದು ಹೇಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಕಾದ.