ಹನ್ನೊಂದು ವರದಿಗಳ ದರ್ಜೆ

ಸೋಮವಾರ ಬೆಳಿಗ್ಗೆ ಬಣ್ಣದ ಕಾರ್ಖಾನೆಯ ಹನ್ನೊಂದು ಮಂದಿ ಕಾರ್ಮಿಕರ ಶ್ವಾಸಕೋಶದ ವರದಿಗಳು ಕಂಪ್ಯೂಟರಿನಲ್ಲಿ 'ರಹಸ್ಯ' ದರ್ಜೆಗೆ ಏರಿದವು. ಬರೆದವಳಿಗೇ ಅವು ತೆರೆಯಲಿಲ್ಲ.

ಬರೆದವಳು ಕಾರ್ಖಾನೆ ಆಸ್ಪತ್ರೆಯ ಲ್ಯಾಬಿನವಳು. ನಾಲ್ಕನೆಯ ವರದಿ ಅವಳ ಅಣ್ಣನದು.

ಆ ವ್ಯವಸ್ಥೆಯಲ್ಲಿ ಕಡತ ಬರೆದವರ ಮಾತು ನಡೆಯದು. ಯಾರು ಏನು ನೋಡಬೇಕೆಂಬುದು ದರ್ಜೆಯ ನಿಯಮಕ್ಕೆ ಬಿಟ್ಟದ್ದು. ದರ್ಜೆ ಏರಿಸುವವನು ಒಬ್ಬನೇ... ಬರುವ ತಿಂಗಳು ಅವಳನ್ನು ಮದುವೆಯಾಗಬೇಕಿದ್ದವನು!

ಅವಳು ಸರ್ವರ್ ಕೋಣೆಗೆ ನುಗ್ಗಿದಳು.

"ಹೆತ್ತವಳಿಗೇ ಮಗು ತೋರಿಸಲ್ಲ ಅಂತೀಯಲ್ಲೋ! ಯಾರ ಉಪ್ಪು ತಿಂತಿದೀಯ?"

"ನಾಲ್ಕು ದಿನ ತಡ್ಕೋ. ಏನೂ ಕೇಳ್ಬೇಡ."

ಅವಳು ಉಂಗುರ ಕಳಚಿ ಕೀಬೋರ್ಡಿನ ಮೇಲೆ ಎಸೆದು ಹೋದಳು.

ಗುರುವಾರ ಮ್ಯಾನೇಜರ್ ಅವಳನ್ನು ಕರೆಸಿದರು. ಅವನೂ ಅಲ್ಲೇ ನಿಂತಿದ್ದ. ಕೊರಳಲ್ಲಿ ಬ್ಯಾಡ್ಜ್ ಇರಲಿಲ್ಲ.

"ವರದಿ ಅಳಿಸು ಅಂದ್ರೆ ಈ ಮಹಾಶಯ ದರ್ಜೆ ಏರಿಸಿ ಕೂತ. ಈಗ ನನ್ನ ಕೈಯಲ್ಲೂ ಅಳಿಸೋಕಾಗ್ತಿಲ್ಲ! ನಾಳೆ ಸರ್ಕಾರದ ತಪಾಸಣೆಯವರು ಬರ್ತಾರೆ, ಅವರಿಗೆ ಯಾವ ದರ್ಜೆಯಾದ್ರೂ ತೆರೆಯುತ್ತೆ. ಅಳಿಸೋಕೆ ಮೊದಲು ದರ್ಜೆ ಇಳಿಸ್ಬೇಕು, ಅದಕ್ಕೆ ಮಾತ್ರ ಏರಿಸೋವನದ್ದೂ ಬರೆದವರದ್ದೂ ಇಬ್ಬರ ಬೆರಳಚ್ಚು ಬೇಕಂತೆ. ಇವನ ಜಾಗಕ್ಕೆ ಬಂದ ಹೊಸಬ ಒತ್ತಿಯಾಯ್ತು. ಬರೆದವಳು ನೀನು, ಒತ್ತಿಬಿಡು. ನಿಮ್ಮಣ್ಣನಿಗೆ ಬಣ್ಣದ ಧೂಳಿಲ್ಲದ ಕಡೆ ಕೆಲಸ ಕೊಡಿಸ್ತೀನಿ."

ಅವಳಿಗೆ ಈಗ ಹೊಳೆಯಿತು. ಮುಚ್ಚಿಟ್ಟದ್ದಲ್ಲ... ಉಳಿಸಿದ್ದು!

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಅವನತ್ತ ತಿರುಗಿದಳು.

"ಹೇಳಿದ್ರೆ ನಿನ್ನ ಕೆಲಸನೂ ಹೋಗ್ತಿತ್ತು."

"ಹೋಗ್ಲಿ ಬಿಡ್ಲಿ, ಅದು ನನ್ನ ಕೆಲಸ. ನಾನು ಏನು ತಿಳ್ಕೋಬೇಕು ಅಂತ ಇವರೂ ನನ್ನ ಕೇಳಲ್ಲ, ನೀನೂ ಕೇಳ್ಲಿಲ್ಲ. ಮೂರು ರಾತ್ರಿ ಅಣ್ಣನ ಕೆಮ್ಮು ಕೇಳ್ತಾ ನಿನಗೆ ಶಾಪ ಹಾಕಿದೀನಿ ಕಣೋ..."

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಇನ್ಮೇಲೆ ನಿನ್ನ ಕೇಳದೆ ಏನೂ ಮಾಡಲ್ಲ."

"ಉಂಗುರ ಎಲ್ಲಿ?"

"ಜೇಬಲ್ಲೇ ಇದೆ."

"ಇರ್ಲಿ. ಕೋಪ ಇನ್ನೂ ಇಳಿದಿಲ್ಲ. ಇಳಿದ ದಿನ ನಾನೇ ಕೈ ಚಾಚ್ತೀನಿ."

ಅವನ ಕಣ್ಣು ತುಂಬಿತು.

"ನಿಮ್ಮ ಸಂಸಾರ ಆಚೆ ಇಟ್ಕೊಳ್ಳಿ!" ಮ್ಯಾನೇಜರ್ ಬೆರಳಚ್ಚಿನ ಯಂತ್ರವನ್ನು ಅವಳತ್ತ ತಳ್ಳಿದರು. "ಒತ್ತಮ್ಮ. ಅಣ್ಣನ ಮುಖ ನೋಡಿ ಒತ್ತು."

ಯಂತ್ರದ ಗಾಜಿನ ಮೇಲೆ ಪುಟ್ಟ ಹಸಿರು ದೀಪ ಹೊತ್ತಿಕೊಂಡಿತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಅಣ್ಣನ ಮುಖ ನೋಡೇ ಹೇಳ್ತಿದೀನಿ ಸಾರ್. ಒತ್ತಲ್ಲ."