ರಸ್ತೆ ದಾಟಿದ ಕೆರೆ

ಆ ಭಾನುವಾರ ಸಂಜೆ ನಾನು ಹಳೇ ಟೈರ್ ಗೋದಾಮಿನ ಹಿಂದೆ ಒಬ್ಬರಿಗಾಗಿ ಕಾದೆ. ನಲವತ್ತು ದಾಟಿದ ವಯಸ್ಸು, ಕಿವಿಯಲ್ಲಿ ಅಕ್ಕನನ್ನು ಕೇಳಿ ತಂದ ಮುತ್ತಿನ ಓಲೆ, ಕಾಲಲ್ಲಿ ಕಚ್ಚುವ ಹೊಸ ಚಪ್ಪಲಿ. ಅವರು ಬರಲಿಲ್ಲ.

ಅವರು ಸರ್ವೆ ಇಲಾಖೆಯ ಅಧಿಕಾರಿ. ಒಂಟಿ ಮನುಷ್ಯ, ನನ್ನ ಹಾಗೆ. ನಾನು ಯೂನಿವರ್ಸಿಟಿಯಲ್ಲಿ ನಕ್ಷೆಯ ಪಾಠ ಮಾಡುವವಳು. ಉಪಗ್ರಹದ ಚಿತ್ರ ನೋಡಿ ನೆಲವನ್ನು ಓದುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡುತ್ತೇನೆ, ಮಿಕ್ಕ ಹೊತ್ತಿನಲ್ಲಿ ಸಂಶೋಧನೆ ಎಂದು ಕಣ್ಣು ಹಾಳುಮಾಡಿಕೊಳ್ಳುತ್ತೇನೆ.

ನಗರಕ್ಕೊಂದು ನಕ್ಷೆ ನೀತಿ ಬೇಕೆಂದು ಸಮಿತಿ ಮಾಡಿದಾಗ ನಮ್ಮಿಬ್ಬರನ್ನೂ ಒಂದೇ ಮೇಜಿಗೆ ತಂದು ಕೂರಿಸಿದರು. ಹಳೇ ಸರ್ವೆ ಹಾಳೆಗಳನ್ನು ಬಿಟ್ಟು ಉಪಗ್ರಹದ ನಕ್ಷೆಯನ್ನೇ ಅಧಿಕೃತ ಮಾಡಿ ಎಂದು ನಾನು. ಜನರ ಆಸ್ತಿ ಪತ್ರವೆಲ್ಲ ಆ ಹಾಳೆಗಳ ಮೇಲೇ ನಿಂತಿದೆ, ಬಿಡೋ ಹಾಗಿಲ್ಲ ಎಂದು ಅವರು. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಮ್ಮದು ಎಣ್ಣೆ ಸೀಗೇಕಾಯಿ ಸಂಬಂಧ ಎಂದು ಸಮಿತಿಯ ಅಧ್ಯಕ್ಷರು ನಿಟ್ಟುಸಿರು ಬಿಡುತ್ತಿದ್ದರು.

“ಮೇಡಂ, ಮರದ ಕೆಳಗೆ ಏನಿದೆ ಅಂತ ನಿಮ್ಮ ಉಪಗ್ರಹಕ್ಕೆ ಕಾಣುತ್ತಾ?”

“ಕಾಣಲ್ಲ ಸರ್. ಆ ಮರ ಕಡಿದು ಎಷ್ಟು ವರ್ಷ ಆಯ್ತು ಅಂತ ನಿಮ್ಮ ಹಾಳೆಗೆ ಗೊತ್ತಾ? ನಿಖರತೆ ಅಂದ್ರೆ...”

‘ನಿಖರತೆ’ ಎಂದ ತಕ್ಷಣ ಅವರು ಪೆನ್ಸಿಲ್ಲಿನ ತುದಿಯಿಂದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳುತ್ತಿದ್ದರು. ಗಾಜಿನ ಹಿಂದೆ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತು, ಕಳ್ಳನ ಹಾಗೆ ಹಾಳೆಗೆ ಇಳಿಯುತ್ತಿತ್ತು. ಅದು ನಗು ಅಡಗಿಸುವ ಉಪಾಯವೆಂದು ಗೊತ್ತಾಗಲು ನನಗೆ ಕೆಲವು ಮೀಟಿಂಗ್ ಬೇಕಾಯಿತು. ಗೊತ್ತಾದ ಮೇಲೆ ಆ ಪದವನ್ನು ಬೇಕಂತಲೇ ಹೆಚ್ಚು ಬಳಸತೊಡಗಿದೆ.

ಒಂದು ಶನಿವಾರ ಅವರಿಂದ ಮೆಸೇಜ್ ಬಂತು. ಮೊದಲು ಎರಡು ಉದ್ದನೆಯ ಅಂಕಿ, ಅಕ್ಷಾಂಶ ಮತ್ತು ರೇಖಾಂಶ. ಕೆಳಗೆ: “ನಾಳೆ ಸಂಜೆ ಐದಕ್ಕೆ ಇಲ್ಲಿರ್ತೀನಿ. ಆಫೀಸಿನದ್ದಲ್ಲದ ಮಾತು ಒಂದಿದೆ. ನೀವು ಬರದಿದ್ದರೆ ನಾನು ಮತ್ತೆ ಏನೂ ಕೇಳಲ್ಲ, ನೀವೂ ಏನೂ ಹೇಳಬೇಡಿ. ಎಂದಿನ ಹಾಗೆ ಜಗಳ ಆಡ್ಕೊಂಡಿರೋಣ.”

ಅಂಕಿಗಳನ್ನು ಫೋನಿಗೆ ಹಾಕಿದೆ. ಅದು ತೋರಿಸಿದ ಕಡೆ ಹೋದೆ. ರಬ್ಬರಿನ ವಾಸನೆ, ತುಕ್ಕು ಹಿಡಿದ ಶಟರ್, ಮೂಲೆಯಲ್ಲೊಂದು ಸರ್ವೆ ಕಲ್ಲು. ಆ ಕಲ್ಲು ನೋಡಿ ಜಾಗ ಇದೇ ಎಂದು ಖಾತ್ರಿಯಾಯಿತು. ಸರ್ವೆಯವರ ರಸಿಕತೆ ಇಷ್ಟೇ ಇರಬೇಕು ಎಂದು ಒಬ್ಬಳೇ ನಕ್ಕೆ. ಕತ್ತಲಾಗುವ ಹೊತ್ತಿಗೆ ಆ ನಗು ಉಳಿದಿರಲಿಲ್ಲ.

ಸೋಮವಾರ ಅವರು ತಲೆ ಎತ್ತದೆ, “ಮೇಡಂ, ಹೊಸ ನಕ್ಷೆ ಕಳಿಸಿದ್ರಾ?” ಎಂದರು.

“ಕಳಿಸಿದೀನಿ ಸರ್.”

ಕರೆದು ಆಮೇಲೆ ಹೆದರಿದ ಮನುಷ್ಯನ ಹತ್ತಿರ ಮಾತೇನು? ಏನೂ ಹೇಳಬಾರದೆಂಬ ಷರತ್ತೂ ಅವರದೇ. ಮಹಡಿ ಮೇಲಿನ ಮನೆಗೆ ಹೋಗಿ ಓಲೆ ವಾಪಸ್ ಕೊಟ್ಟಾಗ ಅಕ್ಕ ನನ್ನ ಮುಖ ನೋಡಿದಳು.

“ಏನಾಯ್ತೇ ನಿನ್ನ ಸರ್ವೆಯಪ್ಪಂಗೆ?”

“ಅಳತೆಗೆ ಸಿಗಲಿಲ್ಲ ಕಣೇ.”

“ನಿನ್ನ ಅಳತೆಗೆ ಸಿಗೋ ಗಂಡಸನ್ನ ದೇವರು ಇನ್ನೂ ಮಾಡ್ಬೇಕು ಬಿಡು,” ಎಂದಳು. ಆದರೆ ಓಲೆಯನ್ನು ಪೆಟ್ಟಿಗೆಯೊಳಗೆ ಇಡಲಿಲ್ಲ, ಕೈಗೆ ಸಿಗುವ ಹಾಗೆ ಕಿಟಕಿಯ ಮೇಲಿಟ್ಟಳು.

ಆಮೇಲಿನದ್ದು ಬರೀ ದಣಿವು. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ಸಂಜೆ ಯಾರದೋ ಪ್ರಬಂಧದ ಕರಡು. ಸಮಿತಿಯ ಕೋಣೆಯಲ್ಲಿ ಎಸಿ ತೊಟ್ಟಿಕ್ಕುತ್ತಿತ್ತು, ಕೆಳಗೆ ಯಾರೋ ಬಕೆಟ್ ಇಟ್ಟಿದ್ದರು. ಅವರ ಕನ್ನಡಕ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು. ನನಗೆ ಜಗಳಕ್ಕೂ ತ್ರಾಣವಿರಲಿಲ್ಲ. ಅವರ ಮುಖ ನೋಡದಿದ್ದರೆ ಸಾಕು ಅನ್ನಿಸುತ್ತಿತ್ತು, ನೋಡದ ದಿನ ಇನ್ನೂ ಸುಸ್ತಾಗುತ್ತಿತ್ತು.

ಕೊನೆಗೆ ಸುದ್ದಿ ಬಂತು. ಅವರು ತಾವಾಗಿಯೇ ಕೇಳಿಕೊಂಡು ದೂರದ ಊರಿಗೆ ವರ್ಗವಾಗಿ ಹೋಗುತ್ತಿದ್ದಾರೆ, ಶುಕ್ರವಾರದ ಮೀಟಿಂಗೇ ಕೊನೆಯದು. ಒಳ್ಳೆಯದೇ ಆಯಿತು ಅಂದುಕೊಂಡೆ. ಊಟ ಸೇರಲಿಲ್ಲ.

ಶುಕ್ರವಾರ ಬೆಳಗ್ಗೆ ಲ್ಯಾಬಿನಲ್ಲಿ ಮಕ್ಕಳು ನಮ್ಮ ಊರಿನ ಹಳೇ ಸರ್ವೆ ಹಾಳೆಯನ್ನು ಉಪಗ್ರಹದ ಚಿತ್ರದ ಮೇಲೆ ಕೂರಿಸುತ್ತಿದ್ದರು. ಹಿಂದಿನ ಸಾಲಿನ ಹುಡುಗಿ ಕೂಗಿದಳು.

“ಮೇಡಂ, ಪಾರ್ಕಿನ ಕೆರೆ ರಸ್ತೆ ದಾಟಿ ಆ ಕಡೆ ಹೋಗಿಬಿಟ್ಟಿದೆ!”

“ಅದಕ್ಕೂ ಅಲ್ಲೇ ಇದ್ದು ಇದ್ದು ಬೇಜಾರಾಗಿರ್ಬೇಕು,” ಎಂದ ಪಕ್ಕದವನು. ಕ್ಲಾಸೆಲ್ಲ ನಕ್ಕಿತು.

ಪ್ರತಿ ವರ್ಷ ಯಾರಾದರೊಬ್ಬರು ಮಾಡುವ ತಪ್ಪು, ಪ್ರತಿ ವರ್ಷ ನಾನು ಕೊಡುವ ಉತ್ತರ. ಅವಳ ಕಂಪ್ಯೂಟರಿನ ಹತ್ತಿರ ಹೋಗಿ ಶುರುಮಾಡಿದೆ.

“ಹಳೇ ಸರ್ವೆಯವರು ಭೂಮಿಯ ಆಕಾರಾನ ಒಂದು ರೀತಿ ಲೆಕ್ಕ ಹಾಕಿದ್ರು, ಉಪಗ್ರಹದವರು ಇನ್ನೊಂದು ರೀತಿ. ಹಾಗಾಗಿ ಅದೇ ಅಂಕಿ ಎರಡು ಲೆಕ್ಕದಲ್ಲಿ ಎರಡು ಜಾಗಕ್ಕೆ ಬೀಳುತ್ತೆ. ಹಳೇ ಹಾಳೆಯಲ್ಲಿ ಓದಿದ ಅಂಕೀನ ತಿರುಗಿಸದೆ ಹಾಗೇ ಫೋನಿಗೆ ಹಾಕಿದ್ರೆ, ಕೆರೆ ದಂಡೆ ಹುಡುಕ್ಕೊಂಡು ಹೋದೋರು...”

ಮಾತು ಅಲ್ಲೇ ನಿಂತಿತು. ಪರದೆಯ ಮೇಲೆ ಕೆರೆಯ ದಂಡೆ ಬಂದು ಬಿದ್ದಿದ್ದು ಟೈರ್ ಗೋದಾಮಿನ ಮೇಲೆ.

“ಹೋದೋರು ಏನಾಗ್ತಾರೆ ಮೇಡಂ?”

“ಕಾಯ್ತಾರೆ,” ಎಂದೆ.

ಇಷ್ಟು ದಿನ ನಾವು ಮೇಜು ಬಡಿದು ಜಗಳವಾಡಿದ್ದೇ ಈ ವ್ಯತ್ಯಾಸದ ಬಗ್ಗೆ. ಅಂಕಿ ಬೇಕೆಂದರೆ ಅವರ ಕೈ ಹಳೇ ಹಾಳೆಗೆ ಹೋಗುತ್ತದೆ, ನನ್ನ ಕೈ ಫೋನಿಗೆ. ಊರಿಗೆಲ್ಲ ಪಾಠ ಹೇಳುವವಳಿಗೆ ದೀಪದ ಬುಡದಲ್ಲೇ ಕತ್ತಲೆ. ಆ ಸಂಜೆ ನಮ್ಮ ನಡುವೆ ಇದ್ದದ್ದು ಕೂಗಿದರೆ ಕೇಳಿಸದಷ್ಟು, ನಡೆದರೆ ಕಾಲು ನೋಯದಷ್ಟು ದೂರ. ನನಗೆ ನಗು ಬರಬೇಕಿತ್ತು. ಫೋನ್ ತೆಗೆದು ಅವರ ಆ ಮೆಸೇಜನ್ನು ಮತ್ತೆ ಓದಿದೆ.

ಮಧ್ಯಾಹ್ನ ಮೀಟಿಂಗಿನಲ್ಲಿ ಅಧ್ಯಕ್ಷರು ಕೈ ಮುಗಿಯುವುದೊಂದು ಬಾಕಿ. “ಹಳೇ ಹಾಳೆ ಬಿಡೋದೋ ಇಟ್ಕೊಳ್ಳೋದೋ? ಇವತ್ತಾದ್ರೂ ಒಂದು ಮಾತಿಗೆ ಬನ್ನಿ ತಾಯಿ.”

“ಇಟ್ಕೊಳ್ಳೋಣ ಸರ್,” ಎಂದೆ. “ಆದ್ರೆ ಅದರ ಅಂಕಿಗಳನ್ನೆಲ್ಲ ಹೊಸ ಲೆಕ್ಕಕ್ಕೆ ತಿರುಗಿಸ್ಬೇಕು. ಯಾವ ಅಂಕಿ ಯಾವ ಲೆಕ್ಕದ್ದು ಅಂತ ಪಕ್ಕದಲ್ಲೇ ಬರೀಬೇಕು, ಕಡ್ಡಾಯವಾಗಿ. ಇಲ್ದೇ ಇದ್ರೆ ಭಾನುವಾರ ಸಂಜೆ ಐದಕ್ಕೆ ಒಬ್ರು ಕೆರೆ ದಂಡೆ ಮೇಲೆ ಕಾಯ್ತಾರೆ, ಇನ್ನೊಬ್ರು ಟೈರ್ ಗೋದಾಮಿನ ಹಿಂದೆ ಕಾಯ್ತಾರೆ.”

ಅಧ್ಯಕ್ಷರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಬರೆದುಕೊಂಡರು.

ಎದುರಿಗೆ ಕೂತಿದ್ದ ಸರ್ವೆಯವರು ತಲೆ ಎತ್ತಿದರು. ಮೊದಲು ಹುಬ್ಬು ಗಂಟಾಯಿತು. ಆಮೇಲೆ ತುಟಿ ಏನೋ ಲೆಕ್ಕ ಹಾಕುವಂತೆ ಅಲುಗಿತು. ನಿಧಾನವಾಗಿ ಕಿವಿಯ ತುದಿ ಕೆಂಪಾಯಿತು. ಪೆನ್ಸಿಲ್ ಕೈಯಲ್ಲೇ ಇತ್ತು, ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿದ್ದರೂ ತಳ್ಳುವುದು ಮರೆತಿದ್ದರು.

“ಎಷ್ಟು ಹೊತ್ತು?” ಎಂದರು, ಮೇಜಿನಾಚೆಯಿಂದ.

“ಕತ್ತಲಾಗೋ ತನಕ.”

“ನಾನೂ.”

“ಏನ್ರೀ ಅದು?” ಎಂದರು ಅಧ್ಯಕ್ಷರು.

“ಅಂತರ ಸರ್,” ಎಂದರು ಅವರು.

ಮೆಟ್ಟಿಲಿಳಿಯುವಾಗ ನನ್ನ ಪಕ್ಕಕ್ಕೆ ಬಂದು, “ಆ ಜಾಗ ತೋರಿಸ್ತೀರಾ?” ಎಂದು ಕೇಳಿದರು.

“ಕೆರೆಗೇ ಹೋಗೋಣ ಬನ್ನಿ. ಅಲ್ಲಾದ್ರೆ ಬೆಂಚಿದೆ, ನೀರಿದೆ.”

“ಅಲ್ಲಿ ನಾನು ಬೇಕಾದಷ್ಟು ಕೂತಿದೀನಿ. ನೀವು ಕಾದ ಜಾಗ ನೋಡ್ಬೇಕು.”

ಗೋದಾಮಿನ ಹಿಂದೆ ಏನೂ ಬದಲಾಗಿರಲಿಲ್ಲ. ಅದೇ ವಾಸನೆ, ಅದೇ ತುಕ್ಕು. ಅವರು ಸುತ್ತ ಕಣ್ಣಾಡಿಸಿದರು, ಮುಖ ಸಣ್ಣದಾಯಿತು.

“ಇಲ್ಲಿಗಾ? ನಾನು ನಿಮ್ಮನ್ನ ಇಂಥಾ ಜಾಗಕ್ಕೆ ಕರೀತೀನಿ ಅಂದ್ಕೊಂಡ್ರಾ?”

“ಸರ್ವೆ ಕಲ್ಲಿತ್ತಲ್ಲ. ನಿಮ್ಮ ಪಾಲಿಗೆ ಅದೇ ಗುಲಾಬಿ ಇರ್ಬೇಕು ಅಂದ್ಕೊಂಡೆ.”

ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. ಬೆರಳಿನಿಂದಲೇ ಕನ್ನಡಕ ಮೇಲೆ ತಳ್ಳಿದರು. ಅದನ್ನು ನೋಡಿ ಎಷ್ಟು ದಿನವಾಗಿತ್ತು!

“ಅಷ್ಟು ಹೊತ್ತು ನಿಂತೇ ಇದ್ರಾ?”

“ಇಲ್ಲ, ಚಪ್ಪಲಿ ಕಚ್ತಿತ್ತು. ಆ ಟೈರ್ ಮೇಲೆ ಕೂತಿದ್ದೆ.”

ಅವರು ಕರವಸ್ತ್ರ ತೆಗೆದು ಆ ಟೈರ್ ಒರೆಸಿ ನನ್ನನ್ನು ಕೂರಿಸಿದರು. ಪಕ್ಕದ ಟೈರನ್ನು ಒರೆಸದೆಯೇ ತಾವು ಕೂತರು. ಇಬ್ಬರೂ ಒಟ್ಟಿಗೆ ಉಸ್ಸೆಂದೆವು.

“ದಂಡೆ ಮೇಲೆ ಹೇಳೋಕೆ ಒಳ್ಳೊಳ್ಳೆ ಮಾತು ತಯಾರಿ ಮಾಡ್ಕೊಂಡಿದ್ದೆ. ಈಗ ಒಂದೂ ನೆನಪಿಲ್ಲ,” ಎಂದರು. “ನಂಗೆ ಸಾಕಾಗಿದೆ ಮೇಡಂ. ಸಂಜೆ ಮನೆಗೆ ಹೋಗಿ ಲೈಟ್ ಹಾಕೋಕೂ ಬೇಜಾರು. ಮೀಟಿಂಗ್ ಇರೋ ದಿನ ಮಾತ್ರ ಶರ್ಟಿಗೆ ಇಸ್ತ್ರಿ ಹಾಕ್ತೀನಿ. ನೀವು ಬಯ್ತೀರಲ್ಲ, ಅದನ್ನ ಕೇಳ್ಕೊಂಡು ಹೋದ್ರೆ ಚೆನ್ನಾಗಿ ನಿದ್ದೆ ಬರುತ್ತೆ. ನನ್ನ ಪ್ರೀತಿ ಇಷ್ಟೇ. ದೊಡ್ಡದೇನಲ್ಲ.”

ನನಗೆ ಅಳು ಬಂತು. ಇಷ್ಟು ದಿನದ ಸುಸ್ತೆಲ್ಲ ಒಟ್ಟಿಗೆ ಕಣ್ಣಿಗೆ ಬಂದಿತ್ತು.

“ನಂದೂ ದೊಡ್ಡದಲ್ಲ,” ಎಂದೆ. “ನಿಮ್ಮ ಕನ್ನಡಕ ಮೇಲೆ ಹೋಗ್ಲಿ ಅಂತಾನೇ ‘ನಿಖರತೆ, ನಿಖರತೆ’ ಅಂತ ಬಡ್ಕೋತಿದ್ದೆ.”

ಈ ಸಲ ಅವರು ನಗು ಅಡಗಿಸಲಿಲ್ಲ.

“ವರ್ಗ?” ಎಂದು ಕೇಳಿದೆ.

“ಆರ್ಡರ್ ಸೋಮವಾರ ಬರುತ್ತೆ. ಅಷ್ಟರಲ್ಲಿ ಬೇಡ ಅಂತ ಬರೆದುಕೊಟ್ರೆ ಆಯ್ತು. ಕಾರಣ ಕೇಳ್ತಾರೆ.”

“ಏನಂತ ಹೇಳ್ತೀರಿ?”

“ಅಳತೆ ತಪ್ಪಾಗಿತ್ತು ಅಂತ.”

ಶಟರ್ ಎಳೆಯಲು ಬಂದ ಗೋದಾಮಿನವನು ನಮ್ಮನ್ನು ನೋಡಿ ಗಾಬರಿಯಾದ. “ಯಾರ್ರೀ ಅದು? ಟೈರ್ ಬೇಕಿತ್ತಾ?”

“ಬೇಡಪ್ಪಾ,” ಎಂದೆ. “ತುಂಬಾ ಸುಸ್ತಾಗಿದೆ. ಸ್ವಲ್ಪ ಹೊತ್ತು ಕೂತಿದ್ದು ಹೋಗ್ತೀವಿ.”

ಅವನು ತಲೆ ಕೆರೆದುಕೊಂಡು ಒಳಗೆ ಹೋದ. ಅವರು ನನ್ನ ಕೈ ಹಿಡಿದುಕೊಂಡರು, ಈಗಲೂ ಕಚ್ಚುತ್ತಿದ್ದ ಅದೇ ಚಪ್ಪಲಿಯನ್ನು ನಾನು ಬಿಚ್ಚಿಟ್ಟೆ. ಇಬ್ಬರಿಗೂ ಏಳುವ ಆತುರವಿರಲಿಲ್ಲ.